ಸಾಲು ತಿರುಗಿಸಿದ ವರ್ಷ

"ಗುರುಗಳೇ, ನಿಂತದ ಅಂತ ಬರೀಲೇನ್ರಿ?" ಎಂದು ಶಿವಲೀಲಾ ಕೇಳಿದಳು.

ಅವಳು ಅಯಸ್ಕಾಂತಗಳ ಅಭ್ಯಾಸ ಮಾಡುವ ಹುಡುಗಿ. ಗುರು ಹಂಪಣ್ಣನವರು ಧಾರವಾಡದಲ್ಲಿ ಆ ವಿದ್ಯೆಯನ್ನೇ ಬಹುಕಾಲ ಕಲಿಸಿ ಈಗ ಮನೆಯಲ್ಲಿದ್ದಾರೆ. ಕಲಿಸುವುದನ್ನು ಮಾತ್ರ ಬಿಟ್ಟಿಲ್ಲ. ಬಂದವರು ಪ್ರಶ್ನೆ ತರಬೇಕು, ಅವರು ಕತೆ ಹೇಳುತ್ತಾರೆ. ಸೂತ್ರ ಬೇಕಾದವರು ಪುಸ್ತಕ ನೋಡಿಕೊಳ್ಳಲಿ ಎನ್ನುವ ಸ್ವಭಾವ.

"ಏನು ನಿಂತದ?" ಎಂದರು ಗುರುಗಳು.

ಶಿವಲೀಲಾ ಹೇಳಿದಳು. ಅವಳ ಬಳಿ ಅಯಸ್ಕಾಂತವಾಗುವ ಲೋಹದ ಎರಡು ತುಂಡುಗಳಿದ್ದವು. ಒಂದು ಚೊಕ್ಕ, ಇನ್ನೊಂದು ಬೆರಕೆ. ಎರಡನ್ನೂ ಚೆನ್ನಾಗಿ ಕಾಯಿಸಿ ಒಮ್ಮೆಲೇ ಆರಿಸಿದ್ದಳು. ಅಯಸ್ಕಾಂತದ ಒಳಗಿನ ಒಂದೊಂದು ಕಣವೂ ಒಂದು ಪುಟ್ಟ ಅಯಸ್ಕಾಂತ. ಅದರ ತಲೆ ಮೇಲಕ್ಕಿರಬಹುದು, ಕೆಳಕ್ಕಿರಬಹುದು. ಪಕ್ಕದ ಕಣ ಯಾವ ಕಡೆಗೋ ತಾನೂ ಆ ಕಡೆಗೆ ಇರಬೇಕೆಂದು ಪ್ರತಿಯೊಂದಕ್ಕೂ ಆಸೆ. ಹಾಗಾಗಿ ಒಂದೇ ಕಡೆಗೆ ತಲೆ ಹಾಕಿದ ಕಣಗಳು ಗುಂಪುಗುಂಪಾಗಿ ಕೂಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಪ್ಪು ಬಿಳುಪು ತೇಪೆಗಳಂತೆ ಕಾಣುತ್ತವೆ. ಚೊಕ್ಕ ತುಂಡಿನಲ್ಲಿ ತೇಪೆಗಳು ಬೆಳೆದವು, ದೊಡ್ಡವು ಚಿಕ್ಕವನ್ನು ನುಂಗಿದವು, ಬೇಗನೆ ಎಲ್ಲ ಒಂದಾಯಿತು. ಬೆರಕೆ ತುಂಡಿನಲ್ಲೂ ಮೊದಮೊದಲು ಹಾಗೆಯೇ ಆಯಿತು. ಆಮೇಲೆ ನಿಧಾನವಾಯಿತು. ಈಗ ತೇಪೆಗಳ ಗಡಿ ಕೂದಲೆಳೆಯಷ್ಟೂ ಸರಿಯುತ್ತಿಲ್ಲ. ನಿಂತಿದೆ ಎಂದು ಬರೆದರೆ ಅವಳ ಪ್ರಬಂಧ ಮುಗಿಯುತ್ತದೆ. ಇಲ್ಲವೆಂದರೆ ಇನ್ನೂ ನೋಡುತ್ತ ಕೂರಬೇಕು.

"ಯಾವಾಗಿಂದ ನೋಡ್ಲಿಕ್ಕೆ ಹತ್ತಿ?"

"ಮಳಿಗಾಲದಿಂದ ರೀ."

"ಅಬ್ಬಬ್ಬಾ! ಭಾಳ ಆತು, ಭಾಳ ಆತು," ಎಂದು ಗುರುಗಳು ನಕ್ಕರು. ಶೇಂಗಾದ ಬುಟ್ಟಿಯನ್ನು ಅವಳ ಕಡೆಗೆ ಸರಿಸಿದರು. "ಬಿಡಿಸ್ಕೋತ ಕೇಳು."

ಒಂದು ಬಯಲು ಇತ್ತು. ಅದು ಯಾರದ್ದೂ ಆಗಿರಲಿಲ್ಲ. ಒಂದು ವರ್ಷ ಅದನ್ನು ಉಳುವವರಿಗೆ ಬಿಟ್ಟುಕೊಟ್ಟರು. ನಾಲ್ಕು ದಿಕ್ಕಿನಿಂದ ಜನ ಬಂದರು. ಮಳೆ ಬಿದ್ದು ಹೋಗಿತ್ತು, ಹದ ಆರುತ್ತಿತ್ತು. ಹದ ತಪ್ಪಿದರೆ ಬಿತ್ತನೆ ತಪ್ಪಿದಂತೆಯೇ. ಆದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ. ತಮಗೆ ತೋಚಿದ ದಿಕ್ಕಿಗೆ ಎತ್ತು ಹೂಡಿ ಬಿತ್ತುವ ಕೂರಿಗೆ ಎಳೆದರು. ಕೆಲವರ ಸಾಲು ಮೂಡಣದಿಂದ ಪಡುವಣಕ್ಕೆ ಓಡಿತು. ಕೆಲವರದು ತೆಂಕಣದಿಂದ ಬಡಗಣಕ್ಕೆ. ಒಂದಕ್ಕೆ ಮೂಡಸಾಲು ಎಂದರು, ಇನ್ನೊಂದಕ್ಕೆ ಬಡಗಸಾಲು ಎಂದರು. ಎರಡರಲ್ಲಿ ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ. ಜೋಳ ದಿಕ್ಕು ನೋಡಿ ಬೆಳೆಯುವುದಿಲ್ಲ.

ತೊಂದರೆ ಇದ್ದದ್ದು ಎರಡು ಬಗೆಯ ಸಾಲುಗಳು ಕೂಡುವ ಜಾಗದಲ್ಲಿ. ಪಕ್ಕದ ಹೊಲದ ಸಾಲು ನಮ್ಮ ಸಾಲಿನ ದಿಕ್ಕಿಗೇ ಇದ್ದರೆ ಎತ್ತು ತಿರುಗಬೇಕಿಲ್ಲ. ಈ ಹೊಲ ಮುಗಿಸಿ ನೇರ ಆ ಹೊಲಕ್ಕೆ ನಡೆದುಬಿಡುತ್ತದೆ. ಅಲ್ಲಿನವರು ಹಾಗೆಯೇ ಮಾಡುತ್ತಿದ್ದರು. ಒಬ್ಬರ ಹೊಲಕ್ಕೆ ಎಲ್ಲರೂ, ಎಲ್ಲರ ಹೊಲಕ್ಕೆ ಒಬ್ಬರು. ಇದಕ್ಕೆ ಮುಯ್ಯಿ ಎನ್ನುತ್ತಾರೆ. ಆದರೆ ಪಕ್ಕದ ಸಾಲು ಅಡ್ಡವಾಗಿದ್ದರೆ ಎತ್ತು ಗಡಿಯಲ್ಲೇ ಹೊರಳಬೇಕು. ಹೊರಳುವಾಗ ಎರಡೂ ಕಡೆಯ ನೆಲ ತುಳಿದು ಗಟ್ಟಿಯಾಗುತ್ತದೆ. ಅಲ್ಲಿ ಬಿತ್ತುವ ಹಾಗಿಲ್ಲ. ಬಿತ್ತಿದರೂ ಬೆಳೆಯುವುದಿಲ್ಲ. ಹೀಗೆ ಪಾಳು ಬಿದ್ದ ಪಟ್ಟಿಗೆ ಬಯಲಿನ ಜನ ಮುನಿಸು ಎಂದು ಹೆಸರಿಟ್ಟರು. ರೈತ ರೈತರ ನಡುವೆ ಜಗಳವೇನೂ ಇರಲಿಲ್ಲ. ಮುನಿಸಿಕೊಂಡದ್ದು ನೆಲ.

ಮೊದಲ ವರ್ಷ ಬಯಲಿನ ತುಂಬ ಮುನಿಸು. ಎರಡನೆಯ ವರ್ಷದಿಂದ ಅದು ಕಡಿಮೆಯಾಗತೊಡಗಿತು. ಯಾರೂ ಸಭೆ ಸೇರಿಸಲಿಲ್ಲ, ಯಾರೂ ಅಪ್ಪಣೆ ಕೊಡಲಿಲ್ಲ. ಮೂರು ಕಡೆ ಮುನಿಸು ಇದ್ದವನು ತನ್ನ ಸಾಲು ತಿರುಗಿಸಿದ. ತಿರುಗಿಸಿದ ವರ್ಷವೇ ಅವನಿಗೆ ಲಾಭ. ಮೂರು ಕಡೆಯ ಪಾಳು ಹೋಗಿ ಒಂದು ಕಡೆಯದು ಉಳಿಯಿತು. ಅವನು ತಿರುಗಿಸಿದ್ದರಿಂದ ಅವನ ಹಿಂದಿನವನಿಗೆ ಮೂರು ಕಡೆ ಮುನಿಸಾಯಿತು. ಅವನೂ ತಿರುಗಿಸಿದ. ಮೂಲೆಗಳು ಸವೆದವು. ಬೇರೆ ಸಾಲಿನವರ ನಡುವೆ ಸಿಕ್ಕಿಕೊಂಡ ಸಣ್ಣ ಗುಂಪುಗಳು ಕರಗಿದವು. ಬಯಲಿನಲ್ಲಿ ದೊಡ್ಡ ದೊಡ್ಡ ಪಾಲುಗಳಾದವು.

ಪ್ರತಿ ವರ್ಷ ರಾಶಿ ಮುಗಿದ ಮೇಲೆ ಒಬ್ಬ ವ್ಯಾಪಾರಿ ಜೋಳ ಕೊಳ್ಳಲು ಬರುತ್ತಿದ್ದ. ಅವನ ಗಾಡಿಗೆ ಮುನಿಸೇ ದಾರಿ. ಕೊಯ್ದ ಬೆಳೆಯ ಕೂಳೆ ಇಲ್ಲದ ಗಟ್ಟಿ ಪಟ್ಟಿ ಇನ್ನೆಲ್ಲಿ ಸಿಕ್ಕಬೇಕು? ಮೊದಲ ವರ್ಷಗಳಲ್ಲಿ ಅವನ ಪಾಡು ನಾಯಿಪಾಡಾಗಿತ್ತು. ಹೋದ ವರ್ಷದ ದಾರಿ ಈ ವರ್ಷ ಇರುತ್ತಿರಲಿಲ್ಲ. ಗಾಡಿ ತಂದವನು ಸಾಲಿನ ಮುಂದೆ ನಿಂತು ಬಯ್ಯುತ್ತಿದ್ದ.

"ಹಂಗಾರ ಬಯಲೆಲ್ಲಾ ಒಂದs ಸಾಲು ಆಗಿರಬೇಕಲ್ರಿ," ಎಂದಳು ಶಿವಲೀಲಾ. "ನನ್ನ ಚೊಕ್ಕ ತುಂಡಿನ್ಯಾಗ ಆದಂಗ."

"ಬಯಲೆಲ್ಲಾ ಬರೇ ಕರೀ ಎರಿ ಮಣ್ಣs ಆಗಿದ್ದರ ಹಂಗ ಆಗ್ತಿತ್ತು. ಇದು ಬೆರಕಿ ಬಯಲು."

ಅಲ್ಲಲ್ಲಿ ಹಾಸುಬಂಡೆಗಳಿದ್ದವು. ನೆಲದ ಮಟ್ಟಕ್ಕೇ ಮಲಗಿದ ಬಂಡೆ. ಅವುಗಳ ಮೇಲೆ ಹೇಗೂ ಏನೂ ಬೆಳೆಯುವುದಿಲ್ಲ. ಸರಿಯುತ್ತ ಸರಿಯುತ್ತ ಮುನಿಸು ಒಮ್ಮೆ ಬಂಡೆಯ ಮೇಲೆ ಬಂತೆನ್ನು, ಅಲ್ಲಿಂದ ಏಳುವುದಿಲ್ಲ. ಯಾಕೆ ಏಳಬೇಕು? ಬಂಡೆಯ ಮೇಲೆ ಎತ್ತು ಹೊರಳಿದರೆ ಯಾರಿಗೂ ನಷ್ಟವಿಲ್ಲ. ಬರಡು ನೆಲ ಬರಡಾದರೆ ಅಳುವವರು ಯಾರು? ಮುನಿಸು ಒಳ್ಳೆಯ ಮಣ್ಣು ಬಿಟ್ಟು ಬಂಡೆಯಿಂದ ಬಂಡೆಗೆ ಬಾಗಿ ಬಳುಕಿ ಕೂತಿತು. ವರ್ಷಗಳು ಹೋದವು. ಅದು ಕದಲಲಿಲ್ಲ.

ವ್ಯಾಪಾರಿಗೆ ಸಂತೋಷವಾಯಿತು. ದಾರಿ ಕಡೆಗೂ ದಾರಿಯಾಯಿತು ಎಂದುಕೊಂಡ. ಬಂಡೆಯ ಮೇಲೆ, ಮುನಿಸಿನ ಮಗ್ಗುಲಲ್ಲಿ, ಕಲ್ಲು ಕಟ್ಟಿಸಿ ಒಂದು ಅಂಗಡಿ ಏಳಿಸಿದ. ಅಲ್ಲಿದ್ದ ಒಬ್ಬ ರೈತ ಅವನನ್ನು ಕೇಳಿದ: "ಸಾವ್ಕಾರ್ರ, ಇದು ಇಲ್ಲೇ ಇರ್ತದ ಅಂತ ಯಾರು ಹೇಳಿದ್ರು?"

"ವರ್ಷಾ ಬಂದು ನೋಡ್ತೀನಪಾ. ಇನ್ನ ಸರಿಯಂಗಿಲ್ಲ ಇದು."

"ನೀವು ರಾಶಿ ಮುಗದ ಮ್ಯಾಲ ಬರ್ತೀರಿ. ಬಿತ್ತೂ ಮುಂದ ಇಲ್ಲಿ ಏನು ನಡೀತದ ಅನ್ನೂದು ನಿಮಗೇನು ಗೊತ್ತು?"

ವ್ಯಾಪಾರಿ ನಕ್ಕ. ರೈತನ ಮಾತಿಗೆ ನಕ್ಕರೆ ವ್ಯಾಪಾರಕ್ಕೆ ಒಳ್ಳೆಯದು ಎಂದು ಅವನು ತಿಳಿದಿದ್ದ.

ಈ ರೈತನೇ ಕತೆಯ ರೈತ. ಅವನಿದ್ದ ಜಾಗ ಎಂಥದು ಎಂದು ಕೇಳು. ಸುತ್ತಲೂ ಮೂಡಸಾಲಿನ ಸಮುದ್ರ. ನಡುವೆ ಬಂಡೆಗಳ ಬಳೆ. ಬಳೆಯ ಒಳಗೆ ಬಡಗಸಾಲಿನ ಕೆಲವೇ ಮನೆಗಳು. ಬಂಡೆ ಇಲ್ಲದಿದ್ದರೆ ಈ ಪುಟ್ಟ ಗುಂಪು ಎಂದೋ ಕರಗಿ ಹೋಗುತ್ತಿತ್ತು. ಬಂಡೆ ಅವರನ್ನು ಕಾಯಿತು. ಕಾಯ್ದದ್ದೇ ಕಂಟಕವಾಯಿತು. ಆ ಬಯಲಿನಲ್ಲಿ ಒಂದು ಮಾತಿತ್ತು: ಸಾಲು ಕೂಡದವರ ಮುಯ್ಯಿ ಕೂಡದು. ಕೂರಿಗೆ ಹೊರಟರೆ ನೇರ ಹೋಗಬೇಕು, ಅಡ್ಡ ಸಾಲಿನವರ ಜೊತೆ ಏಗಲು ಆಗುವುದಿಲ್ಲ ಎಂದು ಹುಟ್ಟಿದ ಮಾತು. ಬಿತ್ತನೆಗೆ ಸರಿ. ಆದರೆ ಮಾತು ಹಳೆಯದಾಗಿ ಕೊಯ್ಲಿಗೂ ಅದೇ ಕಟ್ಟಳೆಯಾಯಿತು. ಕೊಯ್ಯುವವನಿಗೆ ಸಾಲಿನ ದಿಕ್ಕು ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಹೊರಗಿನ ಸಾವಿರ ಕೈಗಳು ಬಳೆಯ ಒಳಗೆ ಬರುತ್ತಿರಲಿಲ್ಲ. ಒಳಗಿನ ಕೈಗಳು ಸಾಲುತ್ತಿರಲಿಲ್ಲ. ತೆನೆ ಕಾಳುಗಟ್ಟಿದಾಗ ಅರ್ಧ ಮನೆಗೆ, ಅರ್ಧ ಹಕ್ಕಿಗೆ. ಹಕ್ಕಿಗಳಿಗೆ ಮೂಡಸಾಲು ಬಡಗಸಾಲು ಎಂಬ ಭೇದವಿಲ್ಲ. ಅವಕ್ಕೆ ಬುದ್ಧಿ ಹೆಚ್ಚು.

ರೈತನಿಗೆ ಇದನ್ನು ಸಹಿಸಲಾಗಲಿಲ್ಲ. ಹೆಂಡತಿ ಆಗತಾನೇ ಹೆತ್ತಿದ್ದಳು. ಹೊಟ್ಟೆಗೆ ಸಾಲದೆ ಅವಳ ಎದೆಯಲ್ಲಿ ಹಾಲು ಸಾಲುತ್ತಿರಲಿಲ್ಲ. ಹೊರಗಿನವರ ಮುಯ್ಯಿ ಸಿಕ್ಕರೆ ಜೋಳ ಮನೆ ತುಂಬುತ್ತದೆ. ಮುಯ್ಯಿ ಸಿಕ್ಕಬೇಕಾದರೆ ಮುನಿಸು ಬಂಡೆ ಬಿಟ್ಟು ಅವನ ಹೊಲ ದಾಟಬೇಕು. ಅವನ ಹೊಲವೋ ಬಂಡೆಗೆ ಹತ್ತಿಕೊಂಡೇ ಇತ್ತು.

"ಈ ವರ್ಷ ನಾ ಸಾಲು ತಿರುಗಸ್ತೀನಿ," ಎಂದ.

"ಈಗರೆ ಮುನಿಸು ಹಾಸುಬಂಡಿ ಮ್ಯಾಲ ಅದ. ನೀ ತಿರುಗಿಸಿದರ ನಮ್ಮ ಹೊಲದ ಮೂರೂ ಕಡಿ ಬರ್ತದ. ಉಣ್ಣೂದೇನು?" ಎಂದಳು ಹೆಂಡತಿ.

"ನನ್ನ ನೋಡಿ ಬಾಜೂದಾಂವನೂ ತಿರುಗಸ್ತಾನ."

"ತಿರುಗಸದಿದ್ದರ?"

ರೈತ ಎತ್ತು ಹೂಡಿದ.

ಇಲ್ಲಿ ನೀನು ಒಂದು ಗಮನಿಸಬೇಕು. ಮೊದಲು ಸಾಲು ತಿರುಗಿಸಿದವರೆಲ್ಲ ಲಾಭಕ್ಕೆ ತಿರುಗಿಸಿದರು. ಇಳಿಜಾರಿನಲ್ಲಿ ಇಳಿಯಲು ಧೈರ್ಯ ಬೇಕಿಲ್ಲ. ಈ ರೈತನ ಮುಂದೆ ಇದ್ದದ್ದು ಏರು. ಏರಿನ ಆಚೆ ಇಳಿಜಾರು ಇದೆ ಎಂದು ಅವನು ಬಲ್ಲ, ಆದರೆ ಮೊದಲು ಏರಬೇಕು. ಏರುವವನಿಗೆ ಸ್ವಲ್ಪ ಹುಚ್ಚು ಇರಬೇಕು. ಊರಿನಲ್ಲಿ ಅದಕ್ಕೆ ಹುಚ್ಚು ಎನ್ನುತ್ತಾರೆ, ಲೋಹದಲ್ಲಿ ಬಿಸಿ ಎನ್ನುತ್ತಾರೆ. ಎಷ್ಟು ಆರಿಸಿದರೂ ನಿನ್ನ ತುಂಡಿನಲ್ಲಿ ಒಂದಿಷ್ಟು ಬಿಸಿ ಉಳಿದೇ ಇರುತ್ತದೆ. ಅದು ಇರುವಷ್ಟು ಕಾಲ ಯಾವುದೋ ಒಂದು ಕಣ ಎಲ್ಲೋ ಒಂದು ಕಡೆ ತಲೆ ತಿರುಗಿಸಿ ನೋಡುತ್ತಲೇ ಇರುತ್ತದೆ.

ಪಕ್ಕದ ಹೊಲದ ಬಾಜೂದವನು ತಿರುಗಿಸಲಿಲ್ಲ. ಹುಚ್ಚ, ಕೈಯಾರೆ ಹೊಲ ಕೆಡಿಸಿಕೊಂಡ ಎಂದ. ಒಳಗಿನವರ ಮುಯ್ಯಿ ರೈತನಿಗೆ ತಪ್ಪಿತು, ಸಾಲು ಕೂಡಲಿಲ್ಲವಲ್ಲ! ಹೊರಗಿನವರನ್ನು ಕರೆಯಲು ಹೋದ. ಒಂದು ಹೊಲಕ್ಕಾಗಿ ಬಂಡೆ ದಾಟಿ ಯಾರು ಬರುತ್ತಾರೆ ಎಂದರು. ಮೂರು ಕಡೆಯ ಒಳ್ಳೆಯ ಮಣ್ಣು ಎತ್ತಿನ ಕಾಲಿಗೆ ಹೋಯಿತು. ನಡುವೆ ಬೆಳೆದದ್ದನ್ನು ಗಂಡ ಹೆಂಡತಿ ಇಬ್ಬರೇ ಕೊಯ್ದರು. ಕೊಯ್ದದ್ದು ಬಹುಕಾಲ ಬರಲಿಲ್ಲ.

ಜೋಳ ತುಂಬಿಡುವ ಗುಮ್ಮಿ ಬರಿದಾದ ದಿನ ರೈತನ ಹೆಂಡತಿ ಕೂಸನ್ನು ಎತ್ತಿಕೊಂಡು ತವರಿಗೆ ನಡೆದಳು. ತವರು ಬಂಡೆಯ ಆಚೆಗಿತ್ತು. ಹೆಣ್ಣುಮಗಳು ತವರಿಗೆ ಹಬ್ಬಕ್ಕೆ ಹೋಗಬೇಕು, ಬಾಣಂತನಕ್ಕೆ ಹೋಗಬೇಕು. ಹಸಿವಿಗೆ ಹೋಗಬಾರದು. ಬಾಗಿಲಿಗೆ ಬಂದ ಅತ್ತಿಗೆ ಅವಳ ಖಾಲಿ ಕೈ ನೋಡಿದಳು.

"ಯಾವ ಹಬ್ಬ ಅಂತ ಬಂದಿ?" ಎಂದು ಕೇಳಿದಳು.

ಅವಳು ಬಾಗಿಲಲ್ಲೇ ನಿಂತಳು. ಅಣ್ಣ ಹೊಲದಿಂದ ಬಂದು ಒಳಗೆ ಬಾ ಎನ್ನುವವರೆಗೂ ನಿಂತಿದ್ದಳು. ಕೂಸು ಅತ್ತು ಅತ್ತು ಹೆಗಲ ಮೇಲೆ ನಿದ್ದೆ ಹೋಗಿತ್ತು.

ಮುಂದಿನ ಬಿತ್ತನೆಗೆ ರೈತ ಸಾಲನ್ನು ಮತ್ತೆ ಮೊದಲಿನಂತೆ ತಿರುಗಿಸಿದ. ಮುನಿಸು ಬಂಡೆಯ ಮೇಲೆ ಹೋಗಿ ಕೂತಿತು. ವ್ಯಾಪಾರಿ ಬಂದು ತನ್ನ ಅಂಗಡಿಯ ಕದ ತೆರೆದ.

ಶಿವಲೀಲಾ ಶೇಂಗಾ ಬಿಡಿಸುವುದನ್ನು ನಿಲ್ಲಿಸಿದ್ದಳು. "ಮ್ಯಾಲಿನಿಂದ ಯಾರರೆ ಒಬ್ಬರು ಹೇಳಬೇಕಿತ್ತಲ್ರಿ, ಎಲ್ಲಾರೂ ಒಂದs ಕಡಿ ಉಳ್ರಿ ಅಂತ?"

"ಅಂದರ ಹೊರಗಿಂದ ದೊಡ್ಡ ಅಯಸ್ಕಾಂತ ತಂದು ಹಿಡೀಬೇಕು ಅಂತಿ. ಹಿಡದರ ಎಲ್ಲಾ ಒಂದs ಕಡಿ ಹೊಳ್ಳತಾವ, ಅದರಾಗೇನು ದೊಡ್ಡಸ್ತಿಕಿ? ತಾನs ತಾನಾಗಿ ಹೆಂಗ ಬೆಳೀತದ ಅನ್ನೂದು ನಿನ್ನ ಪ್ರಶ್ನೆ. ಬಿಡಿಸು, ಶೇಂಗಾ ಬಿಡಿಸು."

ತವರಿನಿಂದ ಬರುವಾಗ ರೈತನ ಹೆಂಡತಿ ಒಂದು ವಿಚಾರ ತಂದಳು. ಅಲ್ಲಿ ಅಣ್ಣನ ಹೊಲದಲ್ಲಿ ಕೂಲಿಯವಳಂತೆ ದುಡಿದಿದ್ದಳು. ಬಗ್ಗಿದಾಗ ಕಣ್ಣೀರು ನೆಲಕ್ಕೆ, ಎದ್ದಾಗ ಕಣ್ಣು ಬಯಲಿಗೆ. ನೋಡಿ ನೋಡಿ ಅವಳಿಗೆ ತಿಳಿಯಿತು. ಬಳೆಯ ನಡುವೆ ಒಂದು ಹಳ್ಳ ಹರಿದಿತ್ತು, ಬರೀ ಗರಸು, ಬರೀ ಕಲ್ಲು, ಬಂಡೆಯಂತೆಯೇ ಬರಡು. ಬಂಡೆಗೂ ಹಳ್ಳಕ್ಕೂ ನಡುವೆ ಐದು ಮನೆಗಳ ಹೊಲ.

"ನೀ ಒಬ್ಬನs ತಿರುಗಿಸಿದಿ, ಅದಕ್ಕ ಕೆಟ್ಟಿ," ಎಂದಳು ಗಂಡನಿಗೆ. "ಹಳ್ಳದ ತನಕಾ ಐದೂ ಮನಿಯವರು ಒಮ್ಮೆಲೆ ತಿರುಗಿಸಿದರ ಮುನಿಸು ಹಳ್ಳದಾಗ ಹೋಗಿ ಕುಂಡರ್ತದ. ನಡುವ ಎಲ್ಲೂ ಕುಂಡರಂಗಿಲ್ಲ."

ಐದು ಮನೆ ಒಮ್ಮೆಲೇ! ಹೇಳುವುದು ಸುಲಭ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಅವಳು ಮನೆ ಮನೆಗೆ ಹೋದಳು. ಒಬ್ಬ ಒಪ್ಪಿದ. ಇನ್ನೊಬ್ಬ ಅವನು ಒಪ್ಪಿದರೆ ನಾನೂ ಎಂದ. ಬಿತ್ತನೆಯ ದಿನ ಬಂತು, ಒಪ್ಪಿದವನ ಹೆಂಡತಿಗೆ ಜ್ವರ ಬಂತು. ಇನ್ನೊಂದು ವರ್ಷ ಎರಡು ಮನೆ ತಿರುಗಿಸಿದವು, ಮೂರನೆಯದು ಹಿಂಜರಿಯಿತು. ಎರಡೂ ಮನೆ ಆ ವರ್ಷ ಅಂಬಲಿ ಕುಡಿದವು, ಮುಂದಿನ ವರ್ಷ ಸಾಲನ್ನು ಹಿಂದಕ್ಕೆ ತಿರುಗಿಸಿಕೊಂಡವು. ಮತ್ತೊಂದು ವರ್ಷ ನಾಲ್ಕು ಮನೆ. ಇನ್ನೇನು ಆಯಿತು ಎನ್ನುವಾಗ ಹಳ್ಳದ ದಂಡೆಯ ಐದನೆಯವನು ಕೈ ಎತ್ತಿದ. ಅವನದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ನಾಲ್ಕೂ ಮನೆಯವರು ಅವನ ಹೊಲದ ಎದುರು ನಿಂತು ಮಣ್ಣು ತೂರಿ ಶಾಪ ಹಾಕಿದರು. ಸಾಲು ಮತ್ತೆ ಹಿಂದಕ್ಕೆ ಹೋಯಿತು.

ಈ ವರ್ಷಗಳಲ್ಲೆಲ್ಲ ವ್ಯಾಪಾರಿ ತಪ್ಪದೆ ಬಂದ. ಅವನ ದಾರಿ ಎಲ್ಲೋ ಒಂದು ವರ್ಷ ಕೊಂಚ ಬಾಗಿದರೂ ಮರುವರ್ಷ ಇದ್ದಲ್ಲಿಗೇ ಬರುತ್ತಿತ್ತು. ಅಂಗಡಿಗೆ ಮೇಲಂತಸ್ತು ಹಾಕಿಸುವ ಆಲೋಚನೆ ಮಾಡಿದ.

ಆಮೇಲೆ ಒಂದು ವರ್ಷ ಐದೂ ಮನೆಗಳು ಕೂಡಿ ತಿರುಗಿಸಿದವು.

ಆ ವರ್ಷವೇ ಯಾಕೆ ಎಂದು ಕೇಳಬೇಡ. ಊರಿನವರಿಗೂ ಗೊತ್ತಿಲ್ಲ. ಮಳೆ ಚೆನ್ನಾಗಿತ್ತು ಎಂದರು ಕೆಲವರು, ಹಿಂದೆಯೂ ಚೆನ್ನಾಗಿ ಆಗಿತ್ತು. ಐದನೆಯವನಿಗೆ ಹಲ್ಲಿ ಲೊಚಗುಟ್ಟಿತು ಎಂದರು ಕೆಲವರು, ಹಲ್ಲಿ ಯಾವಾಗ ಲೊಚಗುಟ್ಟುವುದಿಲ್ಲ? ಬಾಗಿಲನ್ನು ಮತ್ತೆ ಮತ್ತೆ ದೂಡುತ್ತಿದ್ದರೆ ಒಮ್ಮೆ ತೆರೆಯುತ್ತದೆ. ತೆರೆದ ಸಲದ ದೂಡುವಿಕೆ ಬೇರೆಯದೇನೂ ಆಗಿರುವುದಿಲ್ಲ.

ಬಿತ್ತನೆಯ ಆ ವಾರದಲ್ಲಿ ಮುನಿಸು ಬಂಡೆ ಬಿಟ್ಟು ಎದ್ದಿತು. ಐದು ಹೊಲಗಳನ್ನು ಒಂದೇ ಉಸಿರಿಗೆ ದಾಟಿ ಹಳ್ಳದಲ್ಲಿ ಹೋಗಿ ಕೂತಿತು. ಬಂಡೆಗಳ ನಡುವಿನ ಸಂದುಗಳಲ್ಲಿ ಕೂರಿಗೆ ನೇರ ಓಡಿತು. ಕೊಯ್ಲಿಗೆ ಹೊರಗಿನ ಮುಯ್ಯಿಯವರು ಬಂದರು. ಅವರ ಮುಂದೆ ಇದ್ದವನು ರೈತನ ಹೆಂಡತಿಯ ಅಣ್ಣ. ಜೋಳ ಹಕ್ಕಿಗಿಂತ ಮೊದಲು ಮನೆ ಸೇರಿತು. ಅಂದು ತವರಿಗೆ ಹೆಗಲ ಮೇಲೆ ಹೋಗಿದ್ದ ಕೂಸು ಈಗ ಮೀಸೆ ಮೂಡಿದ ಹುಡುಗ. ಆ ವರ್ಷದ ಬಿತ್ತನೆಗೆ ಕೂರಿಗೆಯ ಹಿಂದೆ ನಡೆದವನು ಅವನೇ. ರಾಶಿಯ ದಿನ ತಾಯಿ ಮೊದಲ ರೊಟ್ಟಿಯನ್ನು ಅವನಿಗೆ ಕೊಟ್ಟಳು. ತಾನು ತಿನ್ನದೆ ಅವನನ್ನೇ ನೋಡುತ್ತ ಕೂತಳು. ಹುಡುಗ ಅದನ್ನು ಗಮನಿಸದೆ ಇನ್ನೊಂದು ಕೊಡು ಎಂದ. ಹೊಟ್ಟೆ ತುಂಬಿದ ಮಕ್ಕಳು ಹಾಗೆಯೇ ಇರಬೇಕು.

ವ್ಯಾಪಾರಿ ಬಂದ. ದಾರಿ ಇರಲಿಲ್ಲ. ಅವನ ಅಂಗಡಿ ಜೋಳದ ಕೂಳೆಗಳ ನಡುವೆ ಒಂಟಿಯಾಗಿ ನಿಂತಿತ್ತು. "ಒಂದs ವರ್ಷದಾಗ ಇಷ್ಟೆಲ್ಲಾ ಆತಲ್ಲೋ!" ಎಂದು ಬಾಯಿ ಬಡಿದುಕೊಂಡ. ಒಂದೇ ವರ್ಷದಲ್ಲಿ ಎಂದು ಅವನು ಹೇಳಿದ್ದನ್ನು ಊರಿನವರು ಬಹುಕಾಲ ಹೇಳಿಕೊಂಡು ನಕ್ಕರು. ಅವನ ಕಲ್ಲುಕಟ್ಟಡ ಇನ್ನೂ ಅಲ್ಲೇ ಇದೆ. ಇನ್ನೊಂದು ದಿನ ಇನ್ನಾವುದೋ ಮುನಿಸು ಬಂದು ಕೂರಲು ಅದೂ ಒಂದು ಬಂಡೆಯಾಯಿತು.

ಹಳ್ಳದ ಆಚೆ ಉಳಿದ ಮನೆಗಳು ಈಗ ಇನ್ನೂ ಕಡಿಮೆ. ಅವರಿಗೂ ಅವರ ಸರದಿ ಬಂತು, ಅದಕ್ಕೂ ಕಾಲ ಹಿಡಿಯಿತು. ಆ ಬಳೆ ಕರಗಿತು.

ಗುರುಗಳು ಕೈಯ ಸಿಪ್ಪೆ ಕೊಡವಿದರು. ಕತೆ ಮುಗಿದಿರಬಹುದೆಂದು ಶಿವಲೀಲಾ ಅವರ ಮುಖ ನೋಡಿದಳು.

"ಈಗರೆ ಬಯಲೆಲ್ಲಾ ಒಂದಾತೇನ್ರಿ?"

"ಎಲ್ಲೀದು! ಅದು ಕಲ್ಲಿನ ಸಣ್ಣ ಬಳಿ. ಐದು ಮನಿ ಕೂಡಿ ಒಮ್ಮೆಲೆ ತಿರುಗಿಸಿದ್ದು ಸಾಕಾತು. ಅದಕ್ಕಿಂತ ದೊಡ್ಡ ಬಳಿ ಅದಾವ. ಅಲ್ಲೆ ಐವತ್ತು ಮನಿ ಕೂಡಿ ಒಮ್ಮೆಲೆ ತಿರುಗಿಸಬೇಕು. ಐದು ಮನಿ ಕೂಡಲಿಕ್ಕೆ ಒಂದು ಕೂಸು ಬೆಳದು ಗಂಡಸಾಗೂವಷ್ಟು ಕಾಲ ಬೇಕಾತು. ಐವತ್ತು ಮನಿ ಕೂಡಲಿಕ್ಕೆ?"

ಶಿವಲೀಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹತ್ತು ಪಟ್ಟು ಎಂದುಕೊಂಡಳು. ಆಮೇಲೆ ತಲೆ ಅಲ್ಲಾಡಿಸಿದಳು. ಐವತ್ತು ಮಂದಿಯಲ್ಲಿ ಒಬ್ಬ ಹಿಂಜರಿದರೂ ಕೆಲಸ ಕೆಟ್ಟಿತು. ಹತ್ತು ಪಟ್ಟಲ್ಲ, ಎಣಿಕೆಗೆ ಸಿಗದಷ್ಟು.

"ತಿಳೀತಲ್ಲಾ," ಎಂದರು ಗುರುಗಳು. "ಒಂದು ಹೆಜ್ಜಿಗೆ ಇಷ್ಟು ಕಾಲ ಹಿಡೀತು ಅಂದರ, ಮುಂದಿನ ಹೆಜ್ಜಿಗೂ ಅಷ್ಟs ಸಾಕಾಗಂಗಿಲ್ಲ. ಹಿಂದಿನ ಎಲ್ಲಾ ಹೆಜ್ಜಿ ಕೂಡಿ ಎಷ್ಟು ಕಾಲ ತಗೊಂಡವೋ ಅದರ ಎಷ್ಟೋ ಪಟ್ಟು ಬೇಕು. ಬೆರಕಿ ಬಯಲು ಬೆಳಿಯೂದು ಹಂಗ. ಬೆಳೀತದ, ಅದರಾಗ ಸಂಶಯ ಇಲ್ಲ. ನಾನೂ ನೋಡಂಗಿಲ್ಲ, ನೀನೂ ನೋಡಂಗಿಲ್ಲ, ಅಷ್ಟs."

"ಆ ಹಾಸುಬಂಡಿ ಕಿತ್ತು ಒಗದರ?"

"ಒಗದರ ಬ್ಯಾರೆ ಬಯಲು ಆಗ್ತದ. ಅದರ ಕತಿ ಭಾಳ ಸಣ್ಣದು. ನಿನ್ನ ಚೊಕ್ಕ ತುಂಡಿನ ಮ್ಯಾಲ ಎಷ್ಟು ಪುಟ ಬರದಿ?"

ಅವಳಿಗೆ ನಗು ಬಂತು. ಅದರ ಮೇಲೆ ಅವಳು ಬರೆದದ್ದು ಬಹಳ ಕಡಿಮೆ.

ಆದರೆ ಶಿವಲೀಲಾ ಸುಲಭಕ್ಕೆ ಬಿಡುವವಳಲ್ಲ. ಗುರುಗಳಿಗೂ ಅವಳು ಇಷ್ಟವಾಗಿದ್ದದ್ದು ಅದಕ್ಕೇ. ಬಿಡಿಸಿದ ಕಾಳನ್ನು ಬುಟ್ಟಿಗೆ ಸುರಿದು ಅವಳು ನೆಟ್ಟಗೆ ಕೂತಳು.

"ಗುರುಗಳೇ, ಕಾಯೂದು ಒಪ್ಪಿದೆ. ಬೆಳೀತದ ಅನ್ನೂದೂ ಒಪ್ಪಿದೆ. ಆದರ ನನ್ನ ಕೆಲಸ ಕಣ್ಣಿಗೆ ಬಿದ್ದದ್ದನ್ನ ಬರಿಯೂದು. ಆ ರೈತ ಮೊದಲ್ನೇ ಸಲ ಒಬ್ಬನs ಸಾಲು ತಿರುಗಿಸಿದ. ಮರುವರ್ಷ ಹೊಳ್ಳಿ ಇದ್ದಂಗ ಮಾಡಿದ. ಮುನಿಸು ಇದ್ದಲ್ಲೇ ಇತ್ತು. ಬಯಲು ಇದ್ದಂಗ ಇತ್ತು. ಒಂದು ಗೇಣು ಆ ಕಡಿ ಇಲ್ಲ, ಈ ಕಡಿ ಇಲ್ಲ. ಆ ವರ್ಷದ ಮಟ್ಟಿಗಾದರೂ, ಏನೂ ಆಗಲಿಲ್ಲ ಅಂತನs ಬರೀಬೇಕಲ್ಲೇನ್ರಿ?"

ಗುರುಗಳು ಅವಳನ್ನು ನೋಡಿದರು. ಅವರ ಮುಖದಲ್ಲಿ ಈಗ ನಗು ಇರಲಿಲ್ಲ.

"ಬರಿ ತಂಗಿ. ಬರದದ್ದನ್ನ ಆ ವರ್ಷ ಕೂಸು ಹೊತಗೊಂಡು ತವರಮನಿ ಬಾಗಲಾಗ ನಿಂತಾಕಿ ಮುಂದ ಒಮ್ಮೆ ಓದಿ ಬಾ."